ಪರದೆಯ ಆಚಿ ಮಗ್ಗಲ

ರಾತ್ರಿ ಒಂಬತ್ತರ ಗುಳಿಗಿ ನುಂಗಿದ ಮ್ಯಾಲೆ
ಲುಲ್ವಾ ಅಮ್ಮ ಕೇಳತಾಳ, ತನ್ನ ಹಳೇ ಮುಂಬೈ ಹಿಂದಿಯೊಳಗ:
"ಆ ಉದ್ದನ್ನವನ ಪಾತ್ರದಾಗ ನಿನಗ ಯಾವುದು ಪಸಂದ, ಹೇಳು?"
ನಿನ್ನೆನೂ ಕೇಳಿದ್ಲು. ಮೊನ್ನೆನೂ.
ನಾಳೆನೂ ಕೇಳತಾಳ, ಮೊದಲನೇ ಸಲ ಕೇಳಿದಂಗ.

ಮುಹರಕ್ಕಿನ ಈ ಮನಿಗೆ ನಾ ಬಂದು ಹದಿನಾಲ್ಕು ತಿಂಗಳಾತು.
ಎ.ಸಿ. ಗುರುಗುಟ್ಟತೈತಿ; ಅದರಿಂದ ತೊಟ್ಟಿಕ್ಕೋ ನೀರು
ಓಣ್ಯಾಗಿನ ಬೆಕ್ಕು ಸರತಿ ಹಚ್ಚಿ ಕುಡೀತಾವ.
ಮೊಮ್ಮಗ ಪೆನ್‌ಡ್ರೈವಿನ್ಯಾಗ ತುಂಬಿ ಕೊಟ್ಟದ್ದು
ಕಪ್ಪು-ಬಿಳಿ ಇಂಗ್ಲಿಷ್ ಸಿನಿಮಾ ಒಂಬತ್ತು,
ಎಲ್ಲಾದರೊಳಗೂ ಅವನ:
ಎತ್ತರದಾಂವ, ಹ್ಯಾಟ್ ತಗದರ
ಎಣ್ಣಿ ಹಚ್ಚಿ ಬಾಚಿದ ಕೂದಲ.
ಹೆಸರು ನನ್ನ ನಾಲಿಗಿಗೆ ಹೊರಳಂಗಿಲ್ಲ.
ಆಕಿ "ತವೀಲ್" ಅಂತಾಳ, ನಾನೂ ಅಂತೀನಿ.

ದಿನಕ್ಕೊಂದು ಹೇಳತೀನಿ.
ಒಂದಿನ, ಬಂದರದಾಗ ಸುಂಕದ ಸಾಹೇಬ ಆದದ್ದು.
ಒಂದಿನ, ಪಿಯಾನೋ ರಿಪೇರಿಗೆ ಹೋಗಿ
ಕೂಲಿ ಕೇಳಾಕ ನಾಚಿ ಬರಿಗೈಲೆ ಬಂದದ್ದು.
ಒಂದಿನ, ಕುದುರಿ ಸತ್ತ ಮ್ಯಾಲೆ ಜೀನು ಹೊತಗೊಂಡು
ಮರುಭೂಮಿ ದಾಟಿದ್ದು.
"ಅದೇನು ಮರುಭೂಮಿ!" ಅಂತ ಆಕಿ ನಗತಾಳ,
"ಒಂದು ಹನಿ ಬೆವರಿಲ್ಲ ಅವಗ."

ಖರೇ ಹೇಳಬೇಕಂದ್ರ ನನಗ ಸೇರೋದು ಬ್ಯಾರೇನ ಐತಿ.
ಒಂದರಾಗ ಗಣಿ ಊರಿನ ಡಾಕ್ಟರ್ ಆಗ್ಯಾನ;
ಕೂಸು ಹುಟ್ಟೋ ಮುಂದ ಅಂಗಿ ತೋಳು ಮಡಚಿ
ಮೊಣಕೈತನಕ ಕೈ ತೊಳೀತಾನ,
ಬೆರಳ ಸಂದಿ, ಉಗರು, ಮಣಿಕಟ್ಟು,
ಬೆಟಗೇರಿ ಮಿಶನ್ ಆಸ್ಪತ್ರಿಯೊಳಗ
ರೋಡಾ ಸಿಸ್ಟರ್ ನಮಗ ಕಲಿಸಿದಂಗನ.
ಗಡಿಯಾರ ಹಿಡದು ನೋಡೀನಿ, ಪೂರಾ ಎರಡು ನಿಮಿಷ.
ಉಳಿದ ಸಿನಿಮಾದ ಡಾಕ್ಟರೆಲ್ಲ
ನೀರಿಗೆ ಕೈ ತೋರಿಸಿ ಟಾವೆಲ್ ಹಿಡೀತಾರ.

ಇದನ್ನ ಹೇಳಿದ ರಾತ್ರಿ ಮುದುಕಿ ಮಾರಿ ಸಣ್ಣದಾತು.
"ಅವ ಅಲ್ಲ ಅದು," ಅಂದ್ಲು.
"ತವೀಲ್ ಎಡಚ. ಬೈತಲಿ ಬಲಕ್ಕ.
ಇವ ಯಾವನೋ ಅವನ ವೇಷ ಹಾಕ್ಕೊಂಡಾನ."
ವಯಸ್ಸಿನ ಮಾತು ಅಂತ
ಚಾದರ ಸರಿಮಾಡಿ ದೀಪ ಆರಿಸಿದೆ.

ಆಮ್ಯಾಲೆ ಒಂದು ಸಂಜಿ, ಕಾಲು ತಿಕ್ಕೋ ಮುಂದ,
ತಾನಾಗೇ ಹೇಳಿದ್ಲು:
ಎಣ್ಣಿ ಕಂಪನಿಯವರು ಬಯಲಾಗ ಬಿಳೇ ಅರಿವಿ ಕಟ್ಟತಿದ್ರಂತ,
ಗಂಡಸರು ಈಚಿ ಕಡೆ, ಬೆಂಚಿನ ಮ್ಯಾಲೆ.
ಹನ್ನೊಂದು ವರ್ಷದ ಈಕಿ, ಅಕ್ಕ ಹೆಸ್ಸಾ, ಒಬ್ಬಾಕಿ ಅತ್ತಿ,
ಆಚಿ ಕಡೆ ಮಾಳಗಿ ಮ್ಯಾಲೆ ಬೋರಲ ಮಲಕೊಂಡು
ಅರಿವಿ ಹಿಂದಿನಿಂದ ನೋಡತಿದ್ರಂತ.
"ಅಕ್ಷರ ಎಲ್ಲಾ ಉಲ್ಟಾ. ಹೆಂಗೂ
ನಮಗ ಓದಾಕ ಬರತಿದ್ದಿಲ್ಲ, ಬಿಡು."

ಅಂಗಾಲಿನ ಮ್ಯಾಲೆ ನನ್ನ ಕೈ ನಿಂತಬಿಟ್ಟಿತು.

ಅವತ್ತ ರಾತ್ರಿ ಡ್ರೈವರ್ ಯೂನುಸನ್ನ ಕರದು
ಅಲಮಾರಿ ಬಾಗಲದ ಕನ್ನಡಿ ಬಿಚ್ಚಿಸಿದೆ.
ನಾಕು ತಿರಪು, ಅವನ ಬಾಯಿಂದ ಎರಡು ಬೈಗಳ.
ಟಿವಿಗೆ ಎದುರಾಗಿ ಅದನ್ನ ನಿಲ್ಲಿಸಿ
ಮಂಚ ಕನ್ನಡಿ ಕಡೆ ತಿರುವಿದೆ.

ಡಾಕ್ಟರ್ ಬಂದ. ತೋಳು ಮಡಚಿದ.
ಎಡಗೈಲೆ ಸಾಬೂನು ತಗೊಂಡ.
ಬೈತಲಿ ಬಲಕ್ಕಿತ್ತು.

ಲುಲ್ವಾ ಅಮ್ಮ ಏನೂ ಅನ್ನಲಿಲ್ಲ.
ಹೆಗಲಿಗೆ ಜಾರಿದ್ದ ಕರೇ ಓಡಣಿ
ಮೆಲ್ಲಗ ಎಳಕೊಂಡು ತಲಿ ಮುಚ್ಚಿಕೊಂಡ್ಲು,
ಕಿವಿ ಮುಂದಿನ ನಾಕು ಬಿಳೇ ಕೂದಲ
ಮಾತ್ರ ಹೊರಗ ಬಿಟ್ಟು.

ಇವತ್ತೂ ಗುಳಿಗಿ ನುಂಗಿ ಕೇಳಿದ್ಲು, ಯಾವ ಪಾತ್ರ ಅಂತ.
"ಕೈ ತೊಳಿಯೋ ಎಡಚ," ಅಂದೆ.
"ಹಂಗಾರ ಅವತ್ತ ನೀನೂ ಮಾಳಗಿ ಮ್ಯಾಲೆ ಇದ್ದೇನು?"
ಅಂತ ಒಂಚೂರು ಸರದು
ಮಂಚದ ಅಂಚಿನ್ಯಾಗ ಜಾಗ ಮಾಡಿದ್ಲು.