ಲೈನಿನಲ್ಲಿರಿ

ಅಪ್ಪನ ಬ್ಯಾಂಡ್ ಸೆಟ್ಟಿನ ಹೆಸರು ಮೂರು ಕಡೆ ಇದೆ:
ದೊಡ್ಡ ಡ್ರಮ್ಮಿನ ಹೊಟ್ಟೆಯ ಮೇಲೆ, ಕೆಂಪು ಬಣ್ಣದಲ್ಲಿ,
ಮಂಡಿ ಮೊಹಲ್ಲಾದ ನಮ್ಮ ಬಾಗಿಲ ತಗಡಿನ ಮೇಲೆ, ತುಕ್ಕಿನ ನಡುವೆ,
ಮತ್ತೆ ಎಲ್ಲೋ, ಯಾವುದೋ ಊರಿನ ಯಾವುದೋ ಯಂತ್ರದಲ್ಲಿ,
ಬಾಲಕ್ಕೊಂದು ಡಾಟ್ ಕಾಂ ಕಟ್ಟಿಕೊಂಡು,
ಮೊದಲ ವರ್ಷಕ್ಕೆ ತೊಂಬತ್ತೊಂಬತ್ತು ರೂಪಾಯಿಗೆ.

ಎರಡನೇ ವರ್ಷ ಎಂಟುನೂರು.
ಈ ಸಲ ಸಾವಿರದ ಒಂಬೈನೂರು, ತೆರಿಗೆ ಬೇರೆ.
"ಅಷ್ಟರಲ್ಲಿ ಟ್ರಂಪೆಟ್ ರಿಪೇರಿ ಆಯ್ತದೆ ಕಣವ್ವ,
ಬೇರೆ ಅಂಗ್ಡಿಗೆ ಹಾಕ್ಬುಡು" ಅಂದ ಅಪ್ಪ,
ಹಾಲಿನವನನ್ನು ಬದಲಿಸುವಷ್ಟು ಸಲೀಸಾಗಿ.

ಬೇರೆ ಅಂಗಡಿಯವರು ಕೇಳಿದ್ದು ಒಂದೇ, ಒಂದು ಕೋಡು.
ಅದನ್ನು ಕೊಡಬೇಕಾದವರು ಹಳಬರು.
ಮೇಲಿಗೆ ಕಳಿಸಿಯಾಗಿದೆ, ನೋಡಿಕೊಳ್ಳಿ, ಅಂದರು ಹಳಬರು.
ಮೇಲು ನಮ್ಮದಲ್ಲ.
ಅಗ್ರಹಾರದ ಸರ್ಕಲ್ಲಿನ ಜೆರಾಕ್ಸ್ ಅಂಗಡಿಯ ಲೋಹಿತಾಶ್ವ
ಆವತ್ತು ತನ್ನದನ್ನೇ ಹಾಕಿದ್ದ,
"ಆಮೇಲೆ ಚೇಂಜ್ ಮಾಡ್ಕೊಂಡ್ರಾಯ್ತು ಬಿಡಿ."
ಅಂಗಡಿಯಿದ್ದಲ್ಲಿ ಈಗ ಪಾನಿಪೂರಿ.
ಲೋಹಿತಾಶ್ವ ಪಾಂಡವಪುರದಲ್ಲಿ ಮೀನಿನ ಮರಿ ಮಾರುತ್ತಾನೆ.
ಫೋನಿನಲ್ಲಿ ಬಹಳ ಹೊತ್ತು ಯೋಚಿಸಿದ:
ಪಾಸ್‌ವರ್ಡು ಆಗಿನ ಹುಡುಗಿಯ ಹೆಸರು, ಮುಂದೆ ಏನೋ ಅಂಕಿ,
ಅದನ್ನೆಲ್ಲ ಈಗ ಮನೆಯಲ್ಲಿ ಕೂತು ಜ್ಞಾಪಿಸಿಕೊಳ್ಳುವುದು ಕಷ್ಟ.

ಆಧಾರ್ ಕಳಿಸಿದೆ. ಅಪ್ಪನ ಸಹಿ ಕಳಿಸಿದೆ.
ಹೆಸರು ಕಾಣುವ ಹಾಗೆ ಡ್ರಮ್ಮಿನ ಫೋಟೋ ಕಳಿಸಿದೆ.
ಒಂಬತ್ತನೇ ದಿನ ವಿಳಾಸ ನಮ್ಮದಾಯಿತು.
ಅದರ ಹಿಂದೆಯೇ ಇನ್ನೊಂದು ಓಲೆ:
ವಿಳಾಸ ಬದಲಾದ ಕಾರಣ, ತಮ್ಮದೇ ರಕ್ಷಣೆಗಾಗಿ,
ಹೆಸರಿಗೆ ಅರವತ್ತು ದಿನ ಬೀಗ.

ಅವಧಿ ತೀರಲು ಉಳಿದಿದ್ದದ್ದು ನಲವತ್ತೊಂದು.

ಏಳನೇ ಕ್ಲಾಸಿನಲ್ಲಿ ನನ್ನ ಟಿಸಿ ತರಲು
ನಂಜನಗೂಡಿಗೆ ನಾಲ್ಕು ಸಲ ತಿರುಗಿದ್ದ ಅಪ್ಪ.
ಅಲ್ಲಿ ಗುಮಾಸ್ತನಿಗೆ ಮುಖವಾದರೂ ಇತ್ತು,
ಕಾಫಿ ಕುಡಿಸಿದರೆ ಸಡಿಲವಾಗುತ್ತಿತ್ತು.
ರೀಡು ಒರೆಸುತ್ತ ಈಗ ಕೇಳಿದ:
"ಹೆಸ್ರು ನಮ್ದು. ನಮ್ ತಾತ ಇಟ್ಟಿದ್ದು.
ಬೀಗ ಅವ್ರತ್ರ ಯಾಕದೆ?"
ನನ್ನ ಬಿಕಾಂನಲ್ಲಿ ಈ ಪಾಠ ಇರಲಿಲ್ಲ.

ಫೋನು ಮಾಡಿದೆ. ಕನ್ನಡಕ್ಕೆ ಒತ್ತುವ ಅಂಕಿಯಿಲ್ಲ.
ನಿಮ್ಮ ಕರೆ ನಮಗೆ ಅಮೂಲ್ಯ, ಲೈನಿನಲ್ಲಿರಿ,
ಅಂತ ಹಿಂದಿಯಲ್ಲಿ ಒಬ್ಬಳು. ಆಮೇಲೆ ಸಂಗೀತ.
ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟೆ.
ಆಷಾಢ. ಜರಿಯ ಕೋಟುಗಳೆಲ್ಲ ಮೊಳೆಯಲ್ಲಿ.
ಹುಡುಗರು ಟ್ರಾಂಬೋನಿನ ಪೆಟ್ಟಿಗೆಯ ಮೇಲೆ ಕೇರಂ ಹಲಗೆ ಇಟ್ಟಿದ್ದರು.
ಹನ್ನೆರಡು ನಿಮಿಷ. ಇಪ್ಪತ್ತೇಳು.
"ಶ್ರುತಿ ಒಂಚೂರು ಕೆಳಗದೆ" ಅಂದ ಅಪ್ಪ, ತಲೆ ವಾರೆ ಮಾಡಿ,
"ತಿರುವು ಮಾತ್ರ ಪಸಂದಾಗದೆ."
ನಲವತ್ತರ ಹೊತ್ತಿಗೆ ಕ್ಲಾರಿನೆಟ್ಟು ತುಟಿಗೆ ಹೋಯಿತು,
ರಜಾಕ್ ಸಾಬಿ ಮಗ ಸೈಡ್ ಡ್ರಮ್ಮಿಗೆ ಕಡ್ಡಿ ಹುಡುಕಿದ,
ಕೇರಂ ಕಾಯಿಗಳು ತಾವೇ ಕುಣಿದು ಗುಂಡಿಗೆ ಬಿದ್ದವು.

ಸಂಜೆ ಮೇಲು ಬಂತು, ನಮ್ಮದೇ ಹೊಸ ವಿಳಾಸಕ್ಕೆ:
ತಮ್ಮ ಕರೆಯನ್ನು ಸ್ವೀಕರಿಸಲಾಗಿತ್ತು.
ಗ್ರಾಹಕರಿಂದ ಉತ್ತರವಿಲ್ಲ, ಹಿನ್ನೆಲೆಯಲ್ಲಿ ಗದ್ದಲ.
ದೂರು ಮುಕ್ತಾಯ.

ದುಡ್ಡು ಕಟ್ಟಿದೆ.
ಬಿಟ್ಟು ಹೋಗುವುದಕ್ಕೂ ಅವರಲ್ಲೇ ಒಂದು ವರ್ಷ ಇರಬೇಕು.

ಶ್ರಾವಣದ ಮೊದಲ ಮದುವೆ, ಇರ್ವಿನ್ ರಸ್ತೆಯಲ್ಲಿ ಗಂಡಿನ ಮೆರವಣಿಗೆ.
ಬಸ್ಸುಗಳು ಹಿಂದೆ ನಿಂತು ಹಾರನ್ ಹೊಡೆಯುತ್ತಿದ್ದವು.
ಗಂಡಿನ ಕಡೆಯ ಹುಡುಗನೊಬ್ಬ ಬೆವರುತ್ತ ಬಂದು ನನ್ನ ಕೇಳಿದ,
ಇದು ಯಾವ ಪಿಕ್ಚರಿಂದು, ಇನ್ನೊಂದು ಸಲ ಹೊಡೆಸಿ.
ಏನು ಹೇಳಲಿ? ಅಪ್ಪನ ಕಡೆ ನೋಡಿದೆ.
ಕೆನ್ನೆ ಎರಡೂ ಗಾಳಿ ತುಂಬಿ ಉಬ್ಬಿದ್ದವು,
ಕಣ್ಣಲ್ಲೇ ನಕ್ಕು ಮೊದಲಿಂದ ಎತ್ತಿಕೊಂಡ,
ಈ ಸಲ ಶ್ರುತಿ ಸರಿಮಾಡಿ.

ಬೀಗಕ್ಕೆ ಇನ್ನೂ ಇಪ್ಪತ್ತಮೂರು ದಿನ.
ಡ್ರಮ್ಮಿನ ಹೊಟ್ಟೆಯ ಮೇಲೆ ಕೆಂಪು ಹೆಸರು
ಏಟು ಬಿದ್ದಾಗೆಲ್ಲ ನಡುಗುತ್ತ
ಬಸ್ಸುಗಳ ಮುಂದೆ ಮುಂದೆ ಹೋಗುತ್ತಿತ್ತು.