ಎ.ಸಿ. ಆರಿಸಿದ ನಾಲ್ಕು ನಿಮಿಷ

ಸಿನಿಮಾ ಒಂದು ಸಬ್ಜೆಕ್ಟಂತೆ ಹನ್ನೆರಡನೇ ಇಯತ್ತೆಗೆ,
ಟೈಮ್‌ಟೇಬಲ್ಲಿನಲ್ಲಿ ಕೆಮಿಸ್ಟ್ರಿಯ ಪಕ್ಕದಲ್ಲೇ,
ಭಾನುವಾರ ಮೂರನೇ ಪೀರಿಯಡ್.
ಇದಕ್ಕ ಫೀ ಬ್ಯಾರೆ ಐತೇನು ಅಂದೆ.
ಐತಿ ಅಂದಳು ಸಂಪದಾ.

ನನಗೆ ಗೊತ್ತಿದ್ದದ್ದು ಟಿಕೀಟು, ಇಂಟರ್ವಲ್ಲು, ಸೀಟಿ.
ಅವಳು ಮೊದಲ ವಾರ ಕಲಿತು ಬಂದದ್ದು
ಒಬ್ಬ ಬಾಗಿಲು ತೆರೆಯುವುದನ್ನು ಹನ್ನೊಂದು ತುಂಡು ಮಾಡುವುದು,
ತುಂಡು ಕಾಣದ ಹಾಗೆ ಮತ್ತೆ ಹೊಲಿಯುವುದು.
ಹೊಲಿಗೆ ಅಂದಕೂಡಲೆ
ಅಡುಗೆಮನೆಯಿಂದ ಅವರವ್ವ ಕಿವಿಗೊಟ್ಟಳು.

ನಾಲ್ಕು ನಿಮಿಷದ ಚಿತ್ರ ಮಾಡಬೇಕು, ಧ್ವನಿಗೇ ಹತ್ತು ಅಂಕ.
ಕತೀ ಏನು?
ಅಪ್ಪ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಾನೆ.
ಅಷ್ಟೇ?
ಅಷ್ಟೇ.
ನನಗ ಅರ್ಧ ನಿಮಿಷ ಸಾಕಲ್ಲ, ಅಂದೆ.
ಸಾಲೂದಿಲ್ಲ ಅಂದಳು, ನನ್ನ ಫೋರ್‌ಮನ್ನನ ಗತ್ತಿನಲ್ಲಿ.

ಸೆಪ್ಟೆಂಬರಿನ ಫಹಾಹೀಲ್, ಮೂರನೇ ಮಹಡಿ,
ಕಿಟಕಿಯಾಚೆ ರಿಫೈನರಿಯ ಬೆಂಕಿ ಹಗಲಲ್ಲೂ ಉರಿಯುತ್ತ.
ಎರಡು ಸಲ ತೆಗೆದಳು. ನದೀನ್ ಮೇಡಂ
ಹೆಡ್‌ಫೋನ್ ಹಾಕಿ ಕೇಳಿ ಎರಡು ಸಲ ವಾಪಸು ಕಳಿಸಿದರು:
ಚಿತ್ರದ ತುಂಬ ಎ.ಸಿ.ಯ ಗೊರಕೆ.
ಹದಿನೇಳು ವರ್ಷ ಅದರ ಕೆಳಗೇ ಮಲಗಿದ್ದೇವೆ,
ನಮಗೆ ಅದು ಕೇಳಿಸುವುದೇ ಇಲ್ಲ.

ಆರಿಸಿದೆವು. ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಳು.
ಹಾಲು ಕೆಡತೈತಿ ಎಂದು ಹೆಂಡತಿ ಕೈಸನ್ನೆ ಮಾಡಿದಳು,
ಮಾತಾಡುವಂತಿರಲಿಲ್ಲ.

ಆಮೇಲೆ ಒಂದೊಂದೇ ಬಂದವು.
ಲಿಫ್ಟಿನ ಹಗ್ಗ.
ಮೇಲಿನ ಮನೆಯಲ್ಲಿ ಈರುಳ್ಳಿ ಹೆಚ್ಚುವ ಚಾಕು.
ಎಲ್ಲೋ ಒಬ್ಬ ಮಲಯಾಳದಲ್ಲಿ ಸಾಲ ಕೇಳುತ್ತಿದ್ದ, ಬಲು ಮರ್ಯಾದೆಯಿಂದ.
ಬೆವರು ಹುಬ್ಬಿನಿಂದ ಲೇಸಿನ ಮೇಲೆ ಬಿತ್ತು,
ಬೆರಳು ಜಾರಿತು, ಗಂಟು ಬಿಚ್ಚಲಿಲ್ಲ,
ಅರ್ಧ ನಿಮಿಷ ಎಂದಿದ್ದವನು ನಾನು.

ಎಡಗಾಲಿನ ಶೂ ನೆಲಕ್ಕಿಟ್ಟಾಗ ತಲೆ ಎತ್ತಿದೆ.
ಅವಳು ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ.
ಹೆಡ್‌ಫೋನಿನ ಎರಡೂ ಕಡೆ ಕೈ ಒತ್ತಿಕೊಂಡು
ನನ್ನ ಎದೆ ನೋಡುತ್ತಿದ್ದಳು.

ಅಪ್ಪಾ, ಈ ಸೀಟಿ ಯಾವಾಗಿಂದ?

ಯಾವ ಸೀಟಿ?

ಹತ್ತಕ್ಕೆ ಒಂಬತ್ತು ಬಂತು.
ಉಸಿರಿನ ಸದ್ದು ತುಂಬಾ ಚೆನ್ನಾಗಿದೆ, ಯಾವ ಲೈಬ್ರರಿಯಿಂದ ತಂದೆ
ಎಂದು ಮಾರ್ಜಿನ್ನಿನಲ್ಲಿ ಕೇಳಿದ್ದರು.
ಸಂಪದಾ ಉತ್ತರ ಬರೆಯಲಿಲ್ಲ.
ಹಾಲಂತೂ ಕೆಟ್ಟಿರಲಿಲ್ಲ.

ಗುರುವಾರ ಕ್ಲಿನಿಕ್ಕಿನಲ್ಲಿ
ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಲ್ಲಿಸಿ
ಉಸಿರು ಹಿಡೀರಿ, ಅಲುಗಾಡಬೇಡಿ, ಎಂದ ಎಕ್ಸ್‌ರೇ ಹುಡುಗ.
ಹಿಡಿದೆ.
ಗಾಜಿನಾಚೆ ನಿಂತಿದ್ದವಳು ಕಟ್ ಅನ್ನುತ್ತಾಳೇನೋ ಎಂದು
ಕಣ್ಣಷ್ಟೇ ಆ ಕಡೆ ತಿರುಗಿಸಿದೆ.