ಅಂಚು ಕತ್ತರಿಸುವ ಮುನ್ನ

ಹೊಸನಗರದ ಲೈಬ್ರರಿಯಿಂದ ಬಂದ ಗೋಣಿಚೀಲದಲ್ಲಿ
ನಲವತ್ತೊಂದು ಪುಸ್ತಕ, ಒಂದು ಸತ್ತ ಹಲ್ಲಿ, ಒಂದು ಚೀಟಿ:
"ಹೊಲಿದು, ರಟ್ಟು ಹಾಕಿ, ಅಂಚು ನೇರ ಮಾಡಿ ಕೊಡುವುದು."
ದುರ್ಗಿಗುಡಿಯ ಈ ಓಣಿಯಲ್ಲಿ ಹದಿನಾಲ್ಕು ವರ್ಷದಿಂದ
ನನ್ನ ಕೆಲಸ ಅದೇ. ಮೈದಾ ಕಾಯಿಸಿ,
ಹುಳಕ್ಕೆ ಕತೆ ರುಚಿಸದಿರಲಿ ಅಂತ
ಚಿಟಿಕೆ ಮೈಲುತುತ್ತ ಬೆರೆಸಿ,
ದಬ್ಬಣಕ್ಕೆ ದಾರ ಪೋಣಿಸಿ ಕೂರುವುದು.
ಓದುವುದು ಕೂಲಿಯಲ್ಲಿ ಸೇರಿಲ್ಲ.

ಇದು ಬೆನ್ನು ಮುರಿದ ಕಾದಂಬರಿ. ಮೊದಲ ಹಾಳೆ ಇಲ್ಲ,
ಬರೆದವರ ಹೆಸರು ಗೆದ್ದಲಿಗೆ ಗೊತ್ತು.
ನೂರಾ ಹನ್ನೆರಡನೇ ಪುಟದಲ್ಲಿ ಒಬ್ಬ ಹೆಂಗಸು
ಗಂಡನ ಮನೆ ಬಿಟ್ಟು ಕಡವಿಗೆ ಬಂದು
ದೋಣಿಯೊಳಗೆ ಒಂದು ಕಾಲಿಡುತ್ತಾಳೆ.
ಇನ್ನೊಂದು ಕಾಲು ಇನ್ನೂ ಕೆಸರಲ್ಲಿ.
ಅಲ್ಲಿಗೆ ಅಧ್ಯಾಯ ಮುಗಿಯಿತು. ಮುಂದಿನದರಲ್ಲಿ
ಊರಿನವರ ಮಾತಿದೆ, ಅವಳಿಲ್ಲ.

ಅವಳಿರುವುದು ಅಂಚಿನಲ್ಲಿ.
ನೀಲಿ ಶಾಯಿ, ನಿಬ್ಬು ಒತ್ತಿ ಹಾಳೆ ಹರಿದಿದೆ: "ಮಾನಗೇಡಿ."
ಅದರ ಕೆಳಗೆ, ಗುಂಡಗೆ, ಯಾರೋ ಮೇಷ್ಟ್ರ ಕೈ: "ಮಕ್ಕಳ ಗತಿ?"
ಕೆಂಪು ಬಾಲ್‌ಪೆನ್ನು: "ಅದನ್ನು ಅಪ್ಪನನ್ನು ಕೇಳಿ."
ಇನ್ನೊಬ್ಬರು ಪುಸ್ತಕ ತಿರುಗಿಸಿ ಅಡ್ಡಕ್ಕೆ ಗೋಗರೆದಿದ್ದಾರೆ:
"ದಾಟಿಸಿ ಸ್ವಾಮಿ ಅವಳನ್ನ, ಕತ್ತಲಾಗ್ತಿದೆ."
ಕಟ್ಟಕಡೆಗೆ ಜೆಲ್ ಪೆನ್ನಿನವನು, ಹುಡುಗನೇ ಇರಬೇಕು:
"ಈಗ ಅಲ್ಲಿ ಸೇತುವೆ ಆಗಿದೆ."

ಒಬ್ಬಳೇ ನಕ್ಕಿದ್ದು ಕೇಳಿ
ಇನಾಯತ್ ಸಾಬರು ಅಂಟಿನ ಡಬ್ಬಿಯಿಂದ ತಲೆಯೆತ್ತಿದರು.

ಅಚ್ಚಾದದ್ದರಲ್ಲಿ ಒಂದಕ್ಷರ ಕದಲಿಲ್ಲ.
ಅದೇ ಕೆಸರು, ಅದೇ ಎತ್ತದ ಕಾಲು.

ನಲವತ್ತನೇ ಪುಟದಲ್ಲಿ ಒಬ್ಬ ಆಳು
ಯಜಮಾನರ ಪೆಟ್ಟಿಗೆ ಹೊತ್ತು ಘಾಟಿ ಹತ್ತುತ್ತಾನೆ.
ಪೆಟ್ಟಿಗೆಗೆ ಆರು ಸಾಲು ಸಿಕ್ಕಿದೆ:
ಬೀಟೆ ಮರ, ಹಿತ್ತಾಳೆ ಚಿಲಕ, ಒಳಗಿನ ರೇಷ್ಮೆ ಪಂಚೆ.
ಹೊತ್ತವನಿಗೆ "ಆಳು" ಅಂತ ಒಂದೇ ಮಾತು.
ಐವತ್ತು ವರ್ಷ ಓದಿದವರು ಅಲ್ಲಿ ನಿಂತೇ ಇಲ್ಲ,
ಅಂಚು ಖಾಲಿ.
ಆಮೇಲೆ ಯಾವಾಗಲೋ ಆತುರವಿಲ್ಲದ ಒಂದು ಕೈ
ಆ ಪದಕ್ಕೆ ಬಾಣ ಎಳೆದು ಬರೆದಿದೆ:
"ಇವರ ಹೆಸರು ದ್ಯಾವಪ್ಪ. ನನ್ನ ಮುತ್ತಾತ ಇರಬಹುದು.
ಇಲ್ಲದಿದ್ದರೂ, ದ್ಯಾವಪ್ಪ."

ದಾರ ಕೆಳಗಿಟ್ಟೆ.

ಮತ್ತೆ ನೂರಾ ಹನ್ನೆರಡು. ಹೊಲಿಗೆಯ ಹತ್ತಿರ,
ಸೀಳಿದ ಬೆನ್ನಿನ ಸಂದಿಯಲ್ಲಿ, ಪೆನ್ಸಿಲ್ಲಿನಲ್ಲಿ,
ಬಿಚ್ಚದಿದ್ದರೆ ಕಾಣುತ್ತಲೇ ಇರಲಿಲ್ಲ:
"ಇಂಥವಳಿಗೆ ಒಳ್ಳೇದಾಗಲ್ಲ."
ಆ "ಳ"ದ ಬಾಲ ನನಗೆ ಗೊತ್ತು. ಮೇಲಕ್ಕೆ ಚಿಮ್ಮಿದ್ದು,
ಪಿಯುಸಿಯಲ್ಲಿ ಕಮಲಾಕ್ಷಿ ಮೇಡಂ ತಿದ್ದಿ ತಿದ್ದಿ ಸೋತದ್ದು.
ಬರೆದ ನೆನಪಿಲ್ಲ. ಆ ಹುಡುಗಿಯ ನೆನಪಿದೆ:
ಎರಡು ಜಡೆ, ಎಲ್ಲ ಬಲ್ಲ ಮುಖ,
ಪುಸ್ತಕ ಮಡಿಲಲ್ಲಿಟ್ಟು ತೀರ್ಪು ಕೊಡುತ್ತಿದ್ದಳು.

ಅದಾಗಿ ಆರು ವರ್ಷಕ್ಕೆ, ಬೆಳಗಿನ ಐದೂವರೆ ಬಸ್ಸಿಗೆ,
ಮಾರ್ಕ್ಸ್ ಕಾರ್ಡು, ಎರಡು ಸೀರೆ, ಮಗಳ ಜ್ವರದ ಔಷಧಿ ಹಿಡಿದು
ನಾನೇ ಹತ್ತಿದಾಗ ಈ ಪುಟ ನೆನಪಾಯಿತೇ?
ಆಗಿದ್ದರೆ ಕತೆಗೆ ಚೆಂದ. ಆಗಲಿಲ್ಲ.
ಟಿಕೆಟ್ಟಿಗೆ ಚಿಲ್ಲರೆ ಎಣಿಸುತ್ತಿದ್ದೆ.
ಆದರೂ ಮೆಟ್ಟಿಲ ಮೇಲೆ ಕಾಲಿಡುವಾಗ
ಹೇಗಿಡಬೇಕೆಂದು ಕಾಲಿಗೆ
ಮೊದಲೇ ಗೊತ್ತಿದ್ದಂತಿತ್ತು.

ಡ್ರಾಯರಿನಲ್ಲಿ ರಬ್ಬರಿದೆ.
ತೆಗೆದೆ, ಮೂಸಿದೆ, ಒಳಗಿಟ್ಟೆ.
ಅವಳೂ ಇರಲಿ, ಮಾನಗೇಡಿ ಅಂದವನ ಜೊತೆಗೆ.

ಕಟಿಂಗ್ ಮಿಷನ್ನಿನ ಅಲಗು ಅರ್ಧ ಇಂಚು ತಿನ್ನುತ್ತದೆ.
ಅರ್ಧ ಇಂಚಿನಲ್ಲಿ ಸೇತುವೆ ಹೋಗುತ್ತದೆ,
ದ್ಯಾವಪ್ಪ "ದ್ಯಾ" ಮಾತ್ರ ಉಳಿಯುತ್ತಾನೆ.
ನನ್ನದು ಒಳಮಗ್ಗುಲಲ್ಲಿದೆ, ಅಲಗಿಗೆ ಸಿಗದು.

"ಇದರ ಅಂಚು ಹಾಗೇ ಬಿಡ್ತೀನಿ ಸಾಬ್ರೇ."
"ನೇರ ಮಾಡಿ ಅಂತ ಬರ್ದಿದಾರಲ್ಲಮ್ಮ. ಕಪಾಟಲ್ಲಿ
ಇದೊಂದು ಉಬ್ಬುಹಲ್ಲಿನ ಹಾಗೆ ಚಾಚಿಕೊಂಡಿರುತ್ತೆ."
"ಚಾಚಲಿ. ಕೈಗೆ ಬೇಗ ಸಿಗುತ್ತೆ."
ಅವರು ಬಿಲ್ಲಿನಲ್ಲಿ ಕಟಿಂಗಿನ ಎರಡು ರೂಪಾಯಿ ಹೊಡೆದುಹಾಕಿದರು.

ರಟ್ಟು ಅಂಟಿಸಿ ಮೇಲೆ ಕಲ್ಲು ಹೇರಿದ್ದೇನೆ.
ತುಂಗೆಯ ಕಡೆಯಿಂದ ತೇವದ ಗಾಳಿ;
ಒಣಗಲು ನಾಳೆ ಮಧ್ಯಾಹ್ನವಾದೀತು.